ಮನೆಯೊಳಗೆ ಬೆಳೆದ ಬೇಟೆ ನಾಯಿಯನ್ನು ಚಳಿಗೆ ತಯಾರು ಮಾಡುವುದು: ಆಗಸ್ಟ್‌ನಿಂದಲೇ ಶುರು

ಅಮೆರಿಕದ ಮಿನ್ನೆಸೋಟದಲ್ಲಿ ಬಾತುಕೋಳಿ ಬೇಟೆಯ ಸೀಸನ್ ಸೆಪ್ಟೆಂಬರ್ ಕೊನೆಗೆ ಶುರುವಾಗುತ್ತದೆ. ಆಗ ಕೆರೆ ನೀರು ಇನ್ನೂ ಹಿತವಾಗಿರುತ್ತದೆ, ನಾಯಿ ಖುಷಿಯಾಗಿ ಈಜುತ್ತದೆ. ಅದೇ ಸೀಸನ್ ನವೆಂಬರ್ ಕೊನೆ ಮುಟ್ಟುವ ಹೊತ್ತಿಗೆ ಬೆಳಗಿನ ಜಾವ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಇಳಿದರೂ ಯಾರೂ ಹುಬ್ಬೇರಿಸುವುದಿಲ್ಲ. ಜೊಂಡಿನ ಬುಡದಲ್ಲಿ ತೆಳುವಾಗಿ ಮಂಜುಗಡ್ಡೆ ಕಟ್ಟಿರುತ್ತದೆ. ಪಕ್ಕದ ಸೌತ್ ಡಕೋಟದಲ್ಲಿ ಫೆಸೆಂಟ್ (ಕಾಡುಕೋಳಿಯಂಥ ಹಕ್ಕಿ) ಬೇಟೆಯಂತೂ ಜನವರಿ 31ರವರೆಗೆ ನಡೆಯುತ್ತದೆ.

ಈ ನಾಯಿ ಉಳಿದ ದಿನಗಳಲ್ಲಿ ಎಲ್ಲಿರುತ್ತದೆ? ಹೀಟರ್ 21 ಡಿಗ್ರಿಗೆ ಇಟ್ಟಿರುವ ಮನೆಯಲ್ಲಿ, ಸೋಫಾ ಮೇಲೆ. ವಾರದ ಐದು ದಿನ ಅಲ್ಲಿ ಮಲಗಿ, ಶನಿವಾರ ಬೆಳಗ್ಗೆ ಐದಕ್ಕೆ ಎದ್ದು, 4 ಡಿಗ್ರಿಯ ನೀರಿಗೆ ಹಾರಬೇಕು. ಹಾರುತ್ತದೆ, ಅನುಮಾನವೇ ಬೇಡ. ಲ್ಯಾಬ್ರಡಾರ್ ಯಾವತ್ತೂ 'ಸಾಕು' ಅನ್ನುವ ಜಾತಿ ಅಲ್ಲ. ಅದಕ್ಕೇ ತಯಾರಿಯ ಭಾರ ಪೂರ್ತಿ ನಮ್ಮ ಮೇಲೆ ಬೀಳುತ್ತದೆ. ನವೆಂಬರ್‌ನಲ್ಲಿ ಅಂಗಡಿಗೆ ಓಡಿ ಒಂದು ಜಾಕೆಟ್ ತಂದರೆ ಕೆಲಸ ಆಗುವುದಿಲ್ಲ. ನಾಯಿಗೆ ಚಳಿ ಒಗ್ಗಬೇಕಾದ್ದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ.

ಊರಲ್ಲಿರುವವರಿಗೆ ಇದೆಲ್ಲ ವಿಚಿತ್ರ ಅನ್ನಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆಯ ಮಾತೇ ಇಲ್ಲ. ಬೆಂಗಳೂರಿನ ಲ್ಯಾಬ್‌ಗೆ ತಾನು ಬೇಟೆ ನಾಯಿ ಅನ್ನೋದೇ ಗೊತ್ತಿಲ್ಲ. ಆದರೆ ಇಲ್ಲಿಗೆ ಬಂದು ನೆಲೆಸಿ, ಆಫೀಸಿನ ಗೆಳೆಯರ ಜೊತೆ ಜೌಗಿಗೆ ಇಳಿಯುವ ಕನ್ನಡಿಗರಿದ್ದಾರೆ. ಬಂದೂಕು ಮುಟ್ಟದೆ, ನಾಯಿಯನ್ನು ಹಿಮದಲ್ಲಿ ಗಂಟೆಗಟ್ಟಲೆ ಓಡಿಸುವವರು ಇನ್ನೂ ಜಾಸ್ತಿ. ಈಜು, ಮಂಜುಗಡ್ಡೆಯ ಮಾತು ಬಿಟ್ಟರೆ ಉಳಿದದ್ದು ಇಬ್ಬರಿಗೂ ಒಂದೇ.

ಮೊದಲು ತುಪ್ಪಳ ನೋಡಿ

ಲ್ಯಾಬ್‌ಗೆ ಎರಡು ಪದರದ ತುಪ್ಪಳ ಇರುತ್ತದೆ. ಹೊರಗಿನದು ಒರಟು, ಸ್ವಲ್ಪ ಎಣ್ಣೆಜಿಡ್ಡು, ನೀರು ತಳ್ಳುತ್ತದೆ. ಒಳಗಿನದು ಮೆತ್ತಗೆ, ದಟ್ಟ. ಬೆಚ್ಚಗಿನ ಗಾಳಿಯನ್ನು ಹಿಡಿದಿಡುವುದು ಈ ಒಳತುಪ್ಪಳ. ಇದು ಚಳಿಗಾಲಕ್ಕೆ ದಪ್ಪ ಆಗಬೇಕಾದರೆ ಮೈಗೆ ಸೂಚನೆ ಸಿಗಬೇಕು. ಮುಖ್ಯ ಸೂಚನೆ ಹಗಲು ಕಿರಿದಾಗುವುದು. ಹೊರಗಿನ ತಂಪೂ ಜೊತೆಗೆ ಸೇರುತ್ತದೆ. ಮನೆಯೊಳಗಿನ ನಾಯಿಗೆ ಎರಡೂ ಸರಿಯಾಗಿ ತಲುಪುವುದಿಲ್ಲ. ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್, ವರ್ಷಪೂರ್ತಿ ಒಂದೇ ಬಿಸಿ. ಹಾಗಾಗಿ ಅದು ವರ್ಷವಿಡೀ ಸ್ವಲ್ಪಸ್ವಲ್ಪ ಕೂದಲು ಉದುರಿಸುತ್ತಾ ಇರುತ್ತದೆ, ಒಳತುಪ್ಪಳ ಪೂರ್ತಿ ದಟ್ಟ ಆಗುವುದೇ ಇಲ್ಲ.

ನಿಮ್ಮ ನಾಯಿಯದು ಹೇಗಿದೆ ಅಂತ ತಿಳಿಯೋದು ಸುಲಭ. ಕುತ್ತಿಗೆಯ ಬುಡದಲ್ಲೋ ತೊಡೆಯ ಹಿಂಭಾಗದಲ್ಲೋ ಎರಡು ಹೆಬ್ಬೆರಳಿನಿಂದ ಕೂದಲು ಬಿಡಿಸಿ ನೋಡಿ. ಬುಡದಲ್ಲಿ ಬಣ್ಣ ಮಾಸಿದ ಉಣ್ಣೆಯಂಥ ಪದರ ಇದ್ದು, ಚರ್ಮ ಕಾಣಲು ಅದನ್ನೂ ಬಿಡಿಸಬೇಕಾದರೆ ಚೆನ್ನಾಗಿದೆ. ಒಂದೇ ಸಲಕ್ಕೆ ಚರ್ಮ ಕಂಡರೆ ತೆಳು. ಆಗಸ್ಟ್‌ನಲ್ಲಿ ಒಮ್ಮೆ, ಅಕ್ಟೋಬರ್ ಮಧ್ಯದಲ್ಲಿ ಒಮ್ಮೆ ನೋಡಿ ಹೋಲಿಸಿ.

ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಚೆಸಪೀಕ್ ಬೇ ರಿಟ್ರೀವರ್‌ನ ಎಣ್ಣೆಜಿಡ್ಡಿನ, ಅಲೆಅಲೆಯಾದ ತುಪ್ಪಳ ತಣ್ಣೀರಿಗೆ ಹೇಳಿ ಮಾಡಿಸಿದ್ದು. ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಓಡುವಾಗ ಚಳಿ ತಡೆದುಕೊಳ್ಳುತ್ತದೆ, ಒದ್ದೆಯಾಗಿ ಸುಮ್ನೆ ಕೂತರೆ ಬೇಗ ನಡುಗುತ್ತದೆ. ವಿಜ್ಲಾಗೆ ಒಳತುಪ್ಪಳವೇ ಇಲ್ಲ ಅನ್ನಬಹುದು. ನಮ್ಮ ಮುಧೋಳ ನಾಯಿಯೂ ಇದೇ ಸಾಲಿನದು: ಬಯಲುಸೀಮೆಯ ಬಿಸಿಲಿನ ನಾಯಿ, ಮೈಯಲ್ಲಿ ಕೊಬ್ಬಿಲ್ಲ, ಕೂದಲು ಗಿಡ್ಡ. ಇಂಥ ನಾಯಿಗಳಿಗೆ ಎಷ್ಟೇ ತಯಾರಿ ಮಾಡಿದರೂ ನವೆಂಬರ್ ನೀರು ಬೇಡ ಅನ್ನೋದು ನನ್ನ ಅಭಿಪ್ರಾಯ. ಗದ್ದೆ, ಹುಲ್ಲುಗಾವಲಿನ ಬೇಟೆಗೆ ಕರೆದುಕೊಂಡು ಹೋಗಿ, ಸಾಕು.

ಆಗಸ್ಟ್: ವೈದ್ಯರು, ತೂಕ, ಓಟ

ಪಶುವೈದ್ಯರ ಹತ್ತಿರ ಒಂದು ಸುತ್ತು ಹೋಗಿ ಬನ್ನಿ. ಕೀಲು, ಹೃದಯ ನೋಡಿಸಿ. ಜೌಗು ನೀರಿಗೆ ಇಳಿಯುವ ನಾಯಿಗೆ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಲಸಿಕೆ ಬೇಕಾ ಅಂತ ಕೇಳಿ. ರಕ್ತ ಹೀರುವ ಉಣ್ಣಿ (ಟಿಕ್) ಹುಳದ ಔಷಧಿಯನ್ನು ಚಳಿ ಬಂತು ಅಂತ ನಿಲ್ಲಿಸಬೇಡಿ. ಲೈಮ್ ರೋಗ ಹರಡುವ ಜಿಂಕೆ ಉಣ್ಣಿಗಳು ಅಕ್ಟೋಬರ್, ನವೆಂಬರ್‌ನಲ್ಲೂ ಚುರುಕಾಗಿರುತ್ತವೆ.

ತೂಕದ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಇದೆ: ಕೊಬ್ಬಿದ್ದರೆ ಚಳಿ ತಡೆಯುತ್ತದಲ್ಲಾ, ಸ್ವಲ್ಪ ದಪ್ಪ ಇರಲಿ ಅಂತ. ದಪ್ಪ ನಾಯಿ ಬೇಗ ಸುಸ್ತಾಗುತ್ತದೆ, ಸುಸ್ತಾದ ನಾಯಿ ಮೈ ಬಿಸಿ ಉಳಿಸಿಕೊಳ್ಳುವುದಿಲ್ಲ. ಕೀಲು ಹಾಳಾಗುವುದು ಬೇರೆ. ಅಂಗೈ ಹಗುರವಾಗಿ ಪಕ್ಕೆಯ ಮೇಲೆ ಆಡಿಸಿದರೆ ಎಲುಬು ಒಂದೊಂದಾಗಿ ಸಿಗಬೇಕು, ಆದರೆ ಕಣ್ಣಿಗೆ ಎದ್ದು ಕಾಣಬಾರದು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು.

ವ್ಯಾಯಾಮಕ್ಕೆ ಆರರಿಂದ ಎಂಟು ವಾರ ಹಿಡಿಯಿರಿ. ಬೆಳಗಿನ ತಂಪಿನಲ್ಲಿ 20 ನಿಮಿಷದ ಚುರುಕು ನಡಿಗೆಯಿಂದ ಶುರು ಮಾಡಿ, ವಾರವಾರ ಹೆಚ್ಚಿಸಿ. ಆಮೇಲೆ ಓಟ, ಈಜು ಸೇರಿಸಿ. ಈಜಿಸುವ ಮುಂಚೆ ಕೆರೆ ನೋಡಿಕೊಳ್ಳಿ. ಆಗಸ್ಟ್‌ನಲ್ಲಿ ಇಲ್ಲಿನ ಕೆರೆಗಳಲ್ಲಿ ನೀಲಿ-ಹಸಿರು ಪಾಚಿ ಏಳುತ್ತದೆ. ಹಸಿರು ಬಣ್ಣ ಚೆಲ್ಲಿದ ಹಾಗೆ ನೀರು ಕಂಡರೆ ನಾಯಿಯನ್ನು ಹತ್ತಿರವೂ ಬಿಡಬೇಡಿ. ಆ ನೀರು ಕುಡಿದ, ಮೈ ನೆಕ್ಕಿಕೊಂಡ ನಾಯಿ ಕೆಲವೇ ಗಂಟೆಗಳಲ್ಲಿ ಸತ್ತಿರುವುದುಂಟು.

ಸೆಪ್ಟೆಂಬರ್, ಅಕ್ಟೋಬರ್: ಚಳಿ ಒಗ್ಗಿಸುವುದು

ಇಡೀ ತಯಾರಿಯ ತಿರುಳು ಇದು. ಉಪಾಯ ದೊಡ್ಡದೇನಲ್ಲ. ಹೊರಗೆ ಚಳಿ ಏರುವ ವೇಗದಲ್ಲೇ ನಾಯಿಯೂ ಅದರ ಜೊತೆ ಸಾಗಬೇಕು, ಅಷ್ಟೇ. ಒಂದೇ ದಿನ ಹೊರಗೆ ತಳ್ಳಿ 'ಗಟ್ಟಿಯಾಗ್ಲಿ' ಅನ್ನೋದು ತಯಾರಿ ಅಲ್ಲ, ಹಿಂಸೆ.

ಸೆಪ್ಟೆಂಬರ್ ಬಂದ ಕೂಡಲೇ ಮಲಗುವ ಜಾಗ ಬದಲಿಸಿ. ಹೀಟರ್ ಗಾಳಿ ಬರುವ ಜಾಗದಿಂದ ಎತ್ತಿ, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆಗೆ ಹಾಕಿ. ಬೇಸ್‌ಮೆಂಟ್ ಇದ್ದರೆ ಒಳ್ಳೆಯದು. ಕತ್ತಲಾದ ಮೇಲೆ ಆ ಕೋಣೆಯ ದೀಪ ಆರಿಸಿ. ಹೊರಗೆ ಹಗಲು ಎಷ್ಟು ಹೊತ್ತೋ ನಾಯಿಗೂ ಅಷ್ಟೇ ಬೆಳಕು ಸಿಕ್ಕರೆ ತುಪ್ಪಳಕ್ಕೆ ಸೂಚನೆ ತಲುಪುತ್ತದೆ. ಮನೆಯ ಥರ್ಮೋಸ್ಟಾಟ್ ಅನ್ನು ರಾತ್ರಿ ಹೊತ್ತು 17, 18ಕ್ಕೆ ಇಳಿಸಿದರೆ ಇನ್ನೂ ಚೆನ್ನ. ಮನೆಯವರು ಒಪ್ಪಬೇಕು, ಅದು ಬೇರೆ ಮಾತು.

ಹಗಲು ಹೊತ್ತಿನಲ್ಲಿ ಹೊರಗೆ ಇರುವ ಸಮಯ ಹೆಚ್ಚಿಸುತ್ತಾ ಹೋಗಿ. ಓಡುವುದಷ್ಟೇ ಅಲ್ಲ, ಸುಮ್ನೆ ಕೂರುವುದನ್ನೂ ಕಲಿಸಿ. ನೀವು ಅಂಗಳದಲ್ಲಿ ಎಲೆ ಗುಡಿಸುವಾಗ ಪಕ್ಕದಲ್ಲೇ ಇರಲಿ. ಬಾತುಕೋಳಿ ಬೇಟೆ ಅಂದರೆ ಹೆಚ್ಚಿನ ಹೊತ್ತು ಕಾಯುವುದೇ ಅಲ್ವಾ? ಓಡುವಾಗ ಬೆಚ್ಚಗಿರುವ ನಾಯಿಗೂ ಕೂತಾಗ ಚಳಿ ಹತ್ತುತ್ತದೆ.

ಅಕ್ಟೋಬರ್‌ನಲ್ಲಿ ಹೀಟರ್ ಇಲ್ಲದ ಗ್ಯಾರೇಜ್ ಅಥವಾ ಹೊರಗಿನ ನಾಯಿಗೂಡು. ಮೊದಲು ಮಧ್ಯಾಹ್ನ ಕೆಲವು ಗಂಟೆ, ಆಮೇಲೆ ಸಂಜೆ, ಒಗ್ಗಿದ ಮೇಲೆ ರಾತ್ರಿ. ಗೂಡು ದೊಡ್ಡದಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ನಾಯಿ ಎದ್ದು ನಿಂತು ಒಂದು ಸುತ್ತು ತಿರುಗಿ ಮಲಗುವಷ್ಟು ಜಾಗ ಸಾಕು. ಅದರ ಮೈ ಬಿಸಿಯಿಂದಲೇ ಗೂಡು ಬೆಚ್ಚಗಾಗಬೇಕು. ನೆಲದಿಂದ ಒಂದು ಗೇಣು ಎತ್ತರದಲ್ಲಿ ಕೂರಿಸಿ, ಬಾಗಿಲನ್ನು ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ಇಡಿ, ಬಾಗಿಲಿಗೆ ಒಂದು ರಬ್ಬರ್ ಪರದೆ ಹಾಕಿ. ಒಳಗೆ ಕಂಬಳಿ ಬೇಡ. ಕಂಬಳಿ ಒದ್ದೆ ಹೀರಿ ಹೆಪ್ಪುಗಟ್ಟುತ್ತದೆ. ಒಣ ಗೋಧಿ ಹುಲ್ಲು ಹಾಕಿ, ನಾಯಿ ಅದರೊಳಗೆ ಗುಂಡಿ ತೋಡಿಕೊಂಡು ಮಲಗುತ್ತದೆ. ಒದ್ದೆಯಾದರೆ ಬದಲಿಸಿ. ಗ್ಯಾರೇಜ್‌ನಲ್ಲಿ ಮಲಗಿಸುವುದಾದರೆ ಅಲ್ಲಿ ಕಾರು ಸ್ಟಾರ್ಟ್ ಮಾಡಿ ಬಿಡಬೇಡಿ, ಗ್ಯಾಸ್ ಹೀಟರ್ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ. ನೆಲದ ಮೇಲೆ ಹಸಿರು ಕೂಲಂಟ್ ಚೆಲ್ಲಿದ್ದರೆ ಮೊದಲು ತೊಳೆಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ನೆಕ್ಕುತ್ತದೆ, ಸ್ವಲ್ಪವೇ ಹೋದರೂ ಕಿಡ್ನಿ ಹೋಗುತ್ತದೆ.

ರಾತ್ರಿ ಹೊರಗೆ ಮಲಗಿಸುವುದು ಎಲ್ಲ ನಾಯಿಗೂ ಅಲ್ಲ. ಮರಿ, ಎಂಟು ದಾಟಿದ ನಾಯಿ, ಕೀಲುನೋವು, ಥೈರಾಯ್ಡ್ ತೊಂದರೆ ಇರುವ ನಾಯಿ, ವಿಜ್ಲಾದಂಥ ತೆಳು ತುಪ್ಪಳದ್ದು, ಇವೆಲ್ಲ ಒಳಗೇ ಇರಲಿ. ಲ್ಯಾಬ್ ಆದರೂ ರಾತ್ರಿಯ ಚಳಿ ಸೊನ್ನೆಗಿಂತ ಕೆಳಗೆ ಇಳಿಯಲು ಶುರುವಾದ ಮೇಲೆ ನಾನಾದರೆ ಒಳಗಿನ ತಂಪು ಕೋಣೆಗೇ ಕರೆಯುತ್ತೇನೆ. ಒಗ್ಗಿಸುವ ಕೆಲಸ ಅಷ್ಟರಲ್ಲಿ ಆಗಿರುತ್ತದೆ.

ಇನ್ನೊಂದು ಮಾತು. ಸೀಸನ್ ಶುರುವಾಗುವ ಮುಂಚೆ ಶಾಂಪೂ ಹಾಕಿ ಸ್ನಾನ ಮಾಡಿಸಿ ಮಿಂಚಿಸಬೇಡಿ. ಹೊರ ತುಪ್ಪಳದ ಎಣ್ಣೆ ತೊಳೆದು ಹೋದರೆ ನೀರು ಸೀದಾ ಒಳಗಿಳಿಯುತ್ತದೆ. ಕೆಸರಾಗಿದ್ದರೆ ಬರಿ ನೀರಲ್ಲಿ ತೊಳೆದು ಒರೆಸಿ. ಉದುರಿದ ಕೂದಲು ಬಾಚಿ ತೆಗೆಯಿರಿ, ಜಡೆಗಟ್ಟಿದ ತುಪ್ಪಳ ಬೆಚ್ಚಗಿಡುವುದಿಲ್ಲ.

ಊಟ

ಹೆಚ್ಚು ಹೊತ್ತು ಕೆಲಸ ಮಾಡುವ ನಾಯಿಯ ಮುಖ್ಯ ಇಂಧನ ಕೊಬ್ಬು. ಅಂಗಡಿಯಲ್ಲಿ 30/20 ಅಂತ ಬರೆದ ಚೀಲಗಳು ಸಿಗುತ್ತವೆ. 30 ಭಾಗ ಪ್ರೋಟೀನ್, 20 ಭಾಗ ಕೊಬ್ಬು ಅಂತ ಅರ್ಥ. ಅದಕ್ಕೆ ಬದಲಾಯಿಸುವುದಾದರೆ ಸೀಸನ್‌ಗೆ ಐದಾರು ವಾರ ಮುಂಚೆ ಶುರು ಮಾಡಿ. ಮೊದಲ ಒಂದು ವಾರ, ಹತ್ತು ದಿನ ಹಳೆಯದರ ಜೊತೆ ಸ್ವಲ್ಪಸ್ವಲ್ಪ ಬೆರೆಸಿ. ನಮ್ಮ ಮನೆಗಳಲ್ಲಿ ಮೊಸರನ್ನ ತಿಂದು ಬೆಳೆದ ನಾಯಿಗಳು ಎಷ್ಟಿಲ್ಲ! ಸೋಫಾ ಮೇಲಿನ ಬದುಕಿಗೆ ಅದು ನಡೆಯುತ್ತದೆ, ಬೇಟೆಗೆ ಸಾಲದು. ಹಾಗಂತ ಇದ್ದಕ್ಕಿದ್ದಂತೆ ಅನ್ನಕ್ಕೆ ತುಪ್ಪ ಸುರಿಯಬೇಡಿ. ಒಂದೇ ಸಲ ಕೊಬ್ಬು ಏರಿದರೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಬಂದು ನಾಯಿ ಆಸ್ಪತ್ರೆ ಸೇರುತ್ತದೆ. ಅಳತೆ ಎಷ್ಟು ಹೆಚ್ಚಿಸಬೇಕು ಅನ್ನೋದನ್ನು ಪಕ್ಕೆಯೆಲುಬೇ ಹೇಳುತ್ತದೆ. ವಾರಕ್ಕೊಮ್ಮೆ ಕೈಯಾಡಿಸಿ.

ಬೇಟೆಯ ದಿನ ಬೆಳಗ್ಗೆ ಹೊಟ್ಟೆ ತುಂಬಾ ಹಾಕಬಾರದು. ದೊಡ್ಡ ಎದೆಯ ನಾಯಿ ತುಂಬಿದ ಹೊಟ್ಟೆಯಲ್ಲಿ ಓಡಿದರೆ ಹೊಟ್ಟೆ ತಿರುಚಿಕೊಳ್ಳುವ ಅಪಾಯ ಇದೆ. ಹಿಂದಿನ ಸಂಜೆ ಮುಖ್ಯ ಊಟ, ಬೇಟೆಯ ನಡುವೆ ಒಂದೊಂದು ತುಣುಕು ತಿನಿಸು, ಮುಗಿದು ಮೈ ಸುಧಾರಿಸಿದ ಮೇಲೆ ಪೂರ್ತಿ ಊಟ. ನೀರನ್ನು ಥರ್ಮಾಸ್‌ನಲ್ಲಿ ಉಗುರುಬೆಚ್ಚಗೆ ಒಯ್ಯಿರಿ. ಚಳಿಯಲ್ಲಿ ನಾಯಿಗೆ ಬಾಯಾರುವುದಿಲ್ಲ ಅಂದುಕೊಳ್ಳಬೇಡಿ. ಹಿಮ ತಿಂದು ದಾಹ ತೀರಿಸಿಕೊಂಡರೆ ಒಳಗಿನ ಬಿಸಿಯೂ ಅದಕ್ಕೇ ಖರ್ಚು.

ವೆಸ್ಟ್ ಕೊಳ್ಳುವುದು, ಕೂರಿಸುವುದು

ತಣ್ಣೀರಿಗೆ ನಿಯೋಪ್ರೀನ್ (ರಬ್ಬರಿನಂಥ ಮೆತ್ತನೆ ಬಟ್ಟೆ) ವೆಸ್ಟ್. 3 ಮಿಲಿಮೀಟರ್ ದಪ್ಪದ್ದು ಅಕ್ಟೋಬರ್‌ಗೆ ಸಾಕು, ನವೆಂಬರ್‌ಗೆ 5 ಮಿಲಿಮೀಟರ್. ವೆಸ್ಟ್ ನಾಯಿಯನ್ನು ಒದ್ದೆಯಾಗದಂತೆ ಕಾಯುತ್ತದೆ ಅಂತ ತಿಳಿಯಬೇಡಿ. ಒಳಗೆ ನೀರು ಹೋಗಿಯೇ ಹೋಗುತ್ತದೆ. ಮೈಗೆ ಅಂಟಿ ಕೂತಿದ್ದರೆ ಆ ತೆಳು ನೀರು ಅಲ್ಲೇ ನಿಂತು ಮೈಬಿಸಿಗೆ ಬೆಚ್ಚಗಾಗುತ್ತದೆ. ಸಡಿಲ ಇದ್ದರೆ ಪ್ರತಿ ಈಜಿಗೂ ಹೊಸ ತಣ್ಣೀರು ಒಳಗೆ ನುಗ್ಗುತ್ತದೆ. ಆಗ ವೆಸ್ಟ್ ಇಲ್ಲದಿರುವುದೇ ಮೇಲು.

ಕೂರಿಸುವುದು ಹೀಗೆ. ನಾಯಿಯನ್ನು ನಿಲ್ಲಿಸಿ, ಎದೆಯ ಅತಿ ಅಗಲದ ಜಾಗ ಟೇಪಿನಲ್ಲಿ ಅಳೆದು ತೆಗೆದುಕೊಳ್ಳಿ. ತೂಕ ನೋಡಿ ಕೊಂಡ ವೆಸ್ಟ್ ಸಾಮಾನ್ಯವಾಗಿ ಸರಿಹೋಗುವುದಿಲ್ಲ. ಜಿಪ್ ಎಳೆದ ಮೇಲೆ ಬೆನ್ನಿನ ಮೇಲೆ ನೆರಿಗೆ ಬರಬಾರದು. ಕುತ್ತಿಗೆ ಹತ್ತಿರ ಎರಡು ಬೆರಳು ಕಷ್ಟಪಟ್ಟು ಒಳಗೆ ಹೋಗಬೇಕು. ಮುಂಗಾಲನ್ನು ಪೂರ್ತಿ ಮುಂದಕ್ಕೆ ಚಾಚಿಸಿ, ಕಂಕುಳಲ್ಲಿ ಬೆರಳಿಟ್ಟು ನೋಡಿ, ಅಂಚು ಒತ್ತುತ್ತಿದ್ದರೆ ಅಲ್ಲಿ ಗಾಯ ಆಗುವುದು ಖಂಡಿತ. ಹೊಲಿಗೆಗೆ ತಾಗದಂತೆ ಆ ಅಂಚನ್ನು ಕತ್ತರಿಯಲ್ಲಿ ಅರ್ಧ ಅರ್ಧ ಸೆಂಟಿಮೀಟರ್ ಕತ್ತರಿಸಿ ಸರಿಮಾಡಬಹುದು. ಗಂಡು ನಾಯಿಗೆ ಹೊಟ್ಟೆಯ ಕೆಳಭಾಗ ಎಲ್ಲಿ ಮುಗಿಯುತ್ತದೆ ಅಂತಲೂ ನೋಡಿ, ಮೂತ್ರಕ್ಕೆ ಅಡ್ಡ ಆಗಬಾರದು. ಮನೆಯಲ್ಲಿ ಅರ್ಧ ಗಂಟೆ ಹಾಕಿಸಿ ಓಡಾಡಿಸಿ, ಆಮೇಲೆ ಸೆಪ್ಟೆಂಬರ್‌ನ ಹಿತವಾದ ನೀರಲ್ಲಿ ಈಜಿಸಿ. ಬಿಚ್ಚಿದಾಗ ಕಂಕುಳಲ್ಲಿ ಕೂದಲು ಮುರಿದು ಕೆಂಪಗಾಗಿದೆಯಾ ನೋಡಿ. ಈ ಪರೀಕ್ಷೆ ನವೆಂಬರ್‌ಗೆ ಉಳಿಸಿಕೊಳ್ಳಬೇಡಿ. ಬೆನ್ನ ಮೇಲೆ ಗಟ್ಟಿ ಹಿಡಿ ಇರುವ ವೆಸ್ಟ್ ಸಿಕ್ಕರೆ ಬಿಡಬೇಡಿ, ದೋಣಿಗೆ ಎಳೆದುಕೊಳ್ಳಲು ಅದೇ ಆಧಾರ.

ಫೆಸೆಂಟ್‌ಗಾಗಿ ಒಣ ಹೊಲದಲ್ಲಿ ಓಡುವ ನಾಯಿಗೆ ನಿಯೋಪ್ರೀನ್ ಬೇಡ, ಮೈ ಅತಿಯಾಗಿ ಬಿಸಿಯಾಗಿ ಒದ್ದಾಡುತ್ತದೆ. ಮುಳ್ಳು ತಡೆಯುವ ತೆಳು ಎದೆಪಟ್ಟಿ ಸಾಕು. ಅದಕ್ಕೆ ಬೇಕಾದದ್ದು ಕಾಲಿನ ಆರೈಕೆ. ಬೆರಳ ಸಂದಿಯ ಕೂದಲನ್ನು ಪಾದದ ಮೆತ್ತೆಯ ಮಟ್ಟಕ್ಕೆ ಕತ್ತರಿಸಿ, ಇಲ್ಲದಿದ್ದರೆ ಅಲ್ಲಿ ಹಿಮ ಉಂಡೆಕಟ್ಟಿ ನಾಯಿ ಕುಂಟುತ್ತದೆ. ಹೊರಡುವ ಮುಂಚೆ ಪಾದಕ್ಕೆ ಹಚ್ಚುವ ಮೇಣ ಸಿಗುತ್ತದೆ, ಹಚ್ಚಿ.

ಬೇಟೆಯ ಬೆಳಗ್ಗೆ

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಬಿಸಿ ಎಳೆಯುತ್ತದೆ. ಹಾಗಾಗಿ ನಾಯಿ ನೀರಲ್ಲಿ ಇರಬೇಕಾದ್ದು ಹಕ್ಕಿ ತರುವ ಹೊತ್ತು ಮಾತ್ರ. ಕಾಯುವಾಗ ಮೊಣಕಾಲಷ್ಟು ನೀರಲ್ಲಿ ನಿಲ್ಲಿಸಬೇಡಿ. ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲುವ, ಕಾಲು ಮಡಚುವ ಡಾಗ್ ಸ್ಟ್ಯಾಂಡ್ ಸಿಗುತ್ತದೆ, ಅದರ ಮೇಲೆ ಒಂದು ಫೋಮ್ ಚಾಪೆ ಹಾಕಿ. ಗಾಳಿಗೆ ಅಡ್ಡವಾಗಿ ಜೊಂಡು ಕಟ್ಟಿ. ಪ್ರತಿ ಸಲ ಹಿಂದಿರುಗಿದಾಗ ಅದು ಮೈ ಕೊಡವಿಕೊಳ್ಳಲು ಬಿಡಿ. ನಿಮ್ಮ ಮುಖಕ್ಕೆ ನೀರು ಹಾರುತ್ತದೆ, ಹಾರಲಿ. ಆಮೇಲೆ ಟವೆಲ್‌ನಲ್ಲಿ ತಲೆ, ಕಿವಿ, ಕಾಲು ಒರೆಸಿ. ಒಂದು ಟವೆಲ್ ಸಾಲದು, ಒದ್ದೆ ಟವೆಲ್ ಹೆಪ್ಪುಗಟ್ಟಿ ಹಲಗೆ ಆಗುತ್ತದೆ.

ಮಂಜುಗಡ್ಡೆ ಕಟ್ಟಿದ ನೀರಿಗೆ ನಾಯಿಯನ್ನು ಕಳಿಸುವ ವಿಷಯದಲ್ಲಿ ನಾನು ಬಹಳ ಹಠಮಾರಿ. ಕಳಿಸಬೇಡಿ. ಮನುಷ್ಯ ನಡೆಯಲು ಕನಿಷ್ಠ 4 ಇಂಚು ಗಟ್ಟಿ ಮಂಜುಗಡ್ಡೆ ಬೇಕು ಅಂತ ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ನವೆಂಬರ್‌ನ ಪದರ ಅಷ್ಟಿರುವುದು ಅಪರೂಪ. ನಾಯಿ ಓಡುವಾಗ ತಡೆದು, ತಿರುಗಿ ಬರುವಾಗ ಒಡೆಯುವ ಪದರ ಇದು. ಒಡೆದರೆ ನಾಯಿ ಅಂಚಿಗೆ ಉಗುರು ಹಾಕಿ ಒದ್ದಾಡುತ್ತದೆ, ಅಂಚು ಮುರಿಯುತ್ತಲೇ ಹೋಗುತ್ತದೆ. ಅದನ್ನು ನೋಡಲಾರದೆ ಹಿಂದೆ ಇಳಿದ ಒಡೆಯರೂ ಸತ್ತಿದ್ದಾರೆ. ನೀವು ಇಳಿಯಬೇಡಿ, ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಹಕ್ಕಿ ಹೋದರೆ ಹೋಯಿತು.

ನಡುಕವನ್ನು ಓದುವುದು

ನಾಯಿಯ ಸಾಮಾನ್ಯ ಮೈಬಿಸಿ 38.3ರಿಂದ 39.2 ಡಿಗ್ರಿ. ನೀರಿಂದ ಬಂದ ನಾಯಿ ಸ್ವಲ್ಪ ನಡುಗಿದರೆ ಗಾಬರಿ ಬೇಡ. ಹಕ್ಕಿ ಕಂಡ ಉತ್ಸಾಹಕ್ಕೂ ಲ್ಯಾಬ್ ನಡುಗುತ್ತದೆ. ಉತ್ಸಾಹದ ನಡುಕದಲ್ಲಿ ಕಿವಿ ಮುಂದಕ್ಕೆ, ಕಣ್ಣು ಆಕಾಶದಲ್ಲಿ. ಚಳಿಯ ನಡುಕದಲ್ಲಿ ಬೆನ್ನು ಗೂನಾಗುತ್ತದೆ, ಬಾಲ ಒಳಗೆ ಸೇರುತ್ತದೆ, ಒಂದೊಂದೇ ಕಾಲು ಎತ್ತುತ್ತದೆ, ಕರೆದರೆ ತಡವಾಗಿ ತಿರುಗುತ್ತದೆ. ಒರೆಸಿ ಹತ್ತು ನಿಮಿಷವಾದರೂ ನಡುಕ ನಿಲ್ಲದಿದ್ದರೆ ಆವತ್ತಿನ ಕೆಲಸ ಮುಗಿಯಿತು. ತೂರಾಡುವುದು, ಹಕ್ಕಿಯನ್ನು ಬಾಯಿಂದ ಬೀಳಿಸುವುದು, ಕರೆದರೂ ಎದ್ದೇಳದಿರುವುದು ಇನ್ನೂ ಕೆಟ್ಟ ಲಕ್ಷಣ. ಎಲ್ಲಕ್ಕಿಂತ ಕೆಟ್ಟದ್ದು, ಮೈ ಒಣಗದೆಯೇ ನಡುಕ ನಿಂತು ನಾಯಿ ಮಂಕಾಗುವುದು. ಸುಧಾರಿಸಿತು ಅಂದುಕೊಂಡು ಮೋಸ ಹೋಗಬೇಡಿ. ಮೈಗೆ ನಡುಗುವ ಶಕ್ತಿಯೂ ಉಳಿದಿಲ್ಲ ಅಂತ ಅರ್ಥ.

ಡಿಜಿಟಲ್ ಥರ್ಮಾಮೀಟರ್, ಸ್ವಲ್ಪ ವ್ಯಾಸಲೀನ್ ಚೀಲದಲ್ಲಿ ಇರಲಿ. ಗುದದಲ್ಲಿ ಇಟ್ಟು ನೋಡಬೇಕು. 37ಕ್ಕಿಂತ ಕೆಳಗೆ ಇದ್ದರೆ ವೆಸ್ಟ್ ಬಿಚ್ಚಿ, ಒಣಗಿಸಿ, ಗಾಡಿಯೊಳಗೆ ಒಯ್ದು, ಒಣ ಕಂಬಳಿಯಲ್ಲಿ ಸುತ್ತಿ. ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಎದೆ, ಹೊಟ್ಟೆ ಪಕ್ಕ ಇಡಿ. ಕೈಕಾಲು ತಿಕ್ಕಬೇಡಿ, ಬರಿ ಚರ್ಮಕ್ಕೆ ಹೀಟಿಂಗ್ ಪ್ಯಾಡ್ ಒತ್ತಬೇಡಿ. ಎಚ್ಚರ ಇದ್ದು ನುಂಗುತ್ತಿದ್ದರೆ ಮಾತ್ರ ಉಗುರುಬೆಚ್ಚಗಿನ ನೀರು ಕೊಡಿ. ಹತ್ತು ನಿಮಿಷಕ್ಕೊಮ್ಮೆ ಮತ್ತೆ ಅಳೆಯಿರಿ. ಏರದಿದ್ದರೆ, ಅಥವಾ 35ಕ್ಕಿಂತ ಕೆಳಗೆ ಇದ್ದರೆ, ದಾರಿಯಲ್ಲೇ ಫೋನ್ ಮಾಡುತ್ತಾ ವೈದ್ಯರ ಹತ್ತಿರ ಓಡಿ. ಹತ್ತಿರದ ತುರ್ತು ಪಶು ಆಸ್ಪತ್ರೆ ಎಲ್ಲಿದೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಂಡಿರಬೇಕು.

ಕಿವಿಯ ತುದಿ, ಬಾಲದ ತುದಿ, ಗಂಡಾದರೆ ವೃಷಣ, ಇಲ್ಲೆಲ್ಲ ಚರ್ಮ ಬಿಳಿಚಿಕೊಂಡು ಗಟ್ಟಿಯಾಗಿದ್ದರೆ ಹಿಮಗಡಿತ. ತಿಕ್ಕಬಾರದು. ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇದ್ದರೆ ಅಲ್ಲೇ ಬಿಸಿ ಮಾಡಲೂಬಾರದು. ಮುಚ್ಚಿ ವೈದ್ಯರ ಹತ್ತಿರ ಒಯ್ಯಿರಿ.

ಮನೆಗೆ ಬಂದ ಮೇಲೆ

ಟ್ರಕ್ಕಿನ ಹಿಂದೆ ಕ್ರೇಟ್‌ನಲ್ಲಿ ತರುವುದಾದರೆ ದಪ್ಪ ಹೊದಿಕೆ ಹಾಕಿ, ಆದರೆ ಗಾಳಿಯ ಕಿಂಡಿ ಮುಚ್ಚಬೇಡಿ. ಮನೆಯಲ್ಲಿ ಮೊದಲು ಪಾದ ತೊಳೆಯಿರಿ, ರಸ್ತೆಗೆ ಎರಚಿದ ಉಪ್ಪು ಬೆರಳ ಸಂದಿಯಲ್ಲಿ ಉರಿ ಹುಟ್ಟಿಸುತ್ತದೆ, ನೆಕ್ಕಿದರೆ ವಾಂತಿ. ಕಣ್ಣಿನ ರೆಪ್ಪೆಯೊಳಗೆ ಹುಲ್ಲಿನ ಬೀಜ ಇದೆಯಾ ನೋಡಿ. ಕಿವಿಯೊಳಗೆ ಒಣಗಿಸಿ. ಕಂಕುಳು, ತೊಡೆಸಂದು ಕೈಯಾಡಿಸಿ ನೋಡಿ. ವೆಸ್ಟ್ ಅನ್ನು ಒಳಮಗ್ಗುಲು ತಿರುಗಿಸಿ ನೇತುಹಾಕಿ, ಒದ್ದೆ ವೆಸ್ಟ್ ಮರುದಿನ ಹಾಕಬಾರದು.

ಮರುದಿನ ಬೆಳಗ್ಗೆ ಬಾಲ ನೋಡಿ. ಬುಡದಿಂದ ಒಂದೆರಡು ಇಂಚು ಅಡ್ಡಕ್ಕೆ ಬಂದು, ಆಮೇಲೆ ಹಗ್ಗದಂತೆ ಜೋತುಬಿದ್ದಿದ್ದರೆ, ಮುಟ್ಟಿದರೆ ನಾಯಿ ಕುಯ್ ಅಂದರೆ, ಅದು ಮುರಿದ ಬಾಲ ಆಗಿರುವುದು ಕಡಿಮೆ. ತಣ್ಣೀರಲ್ಲಿ ಜಾಸ್ತಿ ಈಜಿದ ಲ್ಯಾಬ್‌ಗಳಲ್ಲಿ ಬಾಲದ ಸ್ನಾಯು ಹೀಗೆ ಹಿಡಿದುಕೊಳ್ಳುತ್ತದೆ. ಇಲ್ಲಿನವರು 'ಕೋಲ್ಡ್ ಟೇಲ್' ಅನ್ನುತ್ತಾರೆ. ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ನೋವಿಗೆ ವೈದ್ಯರು ಬರೆದ ನಾಯಿಯ ಮಾತ್ರೆಯನ್ನಷ್ಟೇ ಕೊಡಿ. ಮನೆಯಲ್ಲಿರುವ ಐಬುಪ್ರೊಫೆನ್, ಪ್ಯಾರಸಿಟಮಾಲ್ ನಾಯಿಗೆ ವಿಷ. ಬಾಲ ಮೊದಲಿನ ಹಾಗೆ ಆಡುವವರೆಗೆ ನೀರಿಗೆ ಇಳಿಸಬೇಡಿ, ಮುಂದಿನ ಶನಿವಾರ ಅದು ಬಾಗಿಲ ಹತ್ತಿರ ಕೂತು ಎಷ್ಟೇ ಗೋಗರೆದರೂ.